ಡೇಟಾವರ್ಸ್: ಲೈಸೆನ್ಸಿಗೆ ದುಡ್ಡು ಬೇಡ, ನೋಡಿಕೊಳ್ಳಲು ಜನ ಬೇಕು

ಸಂಶೋಧನಾ ಸಂಸ್ಥೆಯೊಂದರಲ್ಲಿ ಡೇಟಾ ನೋಡಿಕೊಳ್ಳುವ ಕೆಲಸ ನನ್ನದು. ಪ್ರಕಟವಾದ ಪ್ರಬಂಧದ ಹಿಂದಿನ ಡೇಟಾ ಕೊಡಿ ಎಂದು ಹೊರಗಿನವರು ಕೇಳಿದಾಗಲೆಲ್ಲ ನಮ್ಮಲ್ಲಿ ಬರುತ್ತಿದ್ದ ಉತ್ತರ ಒಂದೇ: ಅದು ಆ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿತ್ತು, ಅವರು ಪಿಎಚ್‌ಡಿ ಮುಗಿಸಿ ಹೋದರು. ಇದಕ್ಕೊಂದು ಕೊನೆ ಕಾಣಿಸಬೇಕೆಂದೇ ಸಂಶೋಧನಾ ಡೇಟಾ ಇಟ್ಟು ಹಂಚುವ ಡೇಟಾವರ್ಸ್ ಎಂಬ ತಂತ್ರಾಂಶ ಹಾಕಿಕೊಂಡೆವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶ ತುಂಬ ಒಳ್ಳೆಯದು. ಆದರೆ ಲೈಸೆನ್ಸಿನಲ್ಲಿ ಉಳಿದ ಹಣವನ್ನು ಒಬ್ಬರ ಸಂಬಳಕ್ಕೆ ಎತ್ತಿಡಲು ಒಪ್ಪದ ಸಂಸ್ಥೆ ಇದಕ್ಕೆ ಕೈ ಹಾಕಬಾರದು.

ಇದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಶುರುವಾದ ಯೋಜನೆ. ಅಪಾಚೆ 2.0 ಲೈಸೆನ್ಸ್, ಕೋಡ್ ಪೂರ್ತಿ ಮುಕ್ತ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ (DSpace) ಎಂಬ ತಂತ್ರಾಂಶವನ್ನೂ ನಾವು ನೋಡಿದ್ದೆವು. ಥೀಸಿಸ್, ಪ್ರಬಂಧ, ವರದಿಗಳನ್ನು ಇಡಲು ಅದು ಚೆನ್ನಾಗಿದೆ. ನಮಗೆ ಬೇಕಾಗಿದ್ದದ್ದು ಫೈಲಿನ ಒಳಗೆ ಯಾವ ಕಾಲಂ ಇದೆ ಎಂಬುದನ್ನೂ ತಿಳಿದುಕೊಳ್ಳುವ ತಂತ್ರಾಂಶ.

ಡೇಟಾವರ್ಸ್ ಗೆಲ್ಲುವುದು ಅಲ್ಲೇ. ಎಸ್‌ಪಿಎಸ್‌ಎಸ್ ಅಥವಾ ಸ್ಟಾಟಾದಂಥ ಅಂಕಿಅಂಶ ವಿಶ್ಲೇಷಣೆಯ ತಂತ್ರಾಂಶದ ಫೈಲ್ ಹಾಕಿದರೆ ಮೂಲವನ್ನು ಹಾಗೆಯೇ ಉಳಿಸಿಕೊಂಡು, ಟ್ಯಾಬ್‌ಗಳಿಂದ ಬಿಡಿಸಿದ ಸಾದಾ ಪಠ್ಯದ ಪ್ರತಿಯೊಂದನ್ನೂ ಮಾಡಿಡುತ್ತದೆ. ಕಾಲಂಗಳ ಹೆಸರು, ವಿವರಣೆ ಬೇರೆಯಾಗಿ ಡೇಟಾಬೇಸಿಗೆ ಸೇರುತ್ತವೆ. ಮುಂದೆ ಎಸ್‌ಪಿಎಸ್‌ಎಸ್ ಇಲ್ಲದವರೂ ಆ ಡೇಟಾ ತೆರೆದು ಓದಬಹುದು. ಇಂಥ ಫೈಲುಗಳಿಗೆ ಯುಎನ್‌ಎಫ್ ಎಂಬ ಗುರುತನ್ನೂ ಕೊಡುತ್ತದೆ. ಫೈಲ್ ಬದಲಾಗಿದೆಯೇ ಎಂದು ತಿಳಿಯಲು ಬಳಸುವ ಎಂಡಿ5 ಎಂಬ ಗುರುತನ್ನು ಲೆಕ್ಕ ಹಾಕುವುದು ಫೈಲಿನ ಬೈಟುಗಳಿಂದ. ಯುಎನ್‌ಎಫ್ ಲೆಕ್ಕ ಹಾಕುವುದು ಒಳಗಿನ ಮೌಲ್ಯಗಳಿಂದ. ನಡುವೆ ಒಂದು ಮೌಲ್ಯ ತಿದ್ದಿದರೂ ಸಾಮಾನ್ಯವಾಗಿ ಗುರುತು ಬೇರೆಯಾಗುತ್ತದೆ. ಪ್ರಬಂಧದಲ್ಲಿ ಉಲ್ಲೇಖಿಸಿದ ಡೇಟಾ ಇದೇನಾ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಬೇರೆ ಕಡೆ ಕಂಡಿಲ್ಲ.

ಆದರೆ ಯಂತ್ರಕ್ಕೆ ಕಾಣದ್ದು ಬಹಳ ಇದೆ. ನಮ್ಮ ಒಂದು ಲ್ಯಾಬಿನವರು ಎಕ್ಸೆಲ್‌ನಲ್ಲಿ ಅನುಮಾನ ಇರುವ ಅಳತೆಗಳಿಗೆಲ್ಲ ಹಳದಿ ಬಣ್ಣ ಹಚ್ಚುತ್ತಿದ್ದರು. ಸಿಎಸ್‌ವಿ (ಬರೀ ಮೌಲ್ಯಗಳಿರುವ ಸಾದಾ ಪಠ್ಯದ ಫೈಲ್) ಮಾಡಿದ ಕ್ಷಣವೇ ಆ ಬಣ್ಣ ಹೋಯಿತು. ಕೆಟ್ಟ ಅಳತೆ, ಒಳ್ಳೆ ಅಳತೆ ಎಲ್ಲ ಒಂದೇ ಸಾಲಿನಲ್ಲಿ ನಿಂತವು. ಅವರ ಜೊತೆ ಕೂತು 'ಅಳತೆಯ ಸ್ಥಿತಿ' ಅಂತ ಹೊಸ ಕಾಲಂ ಸೇರಿಸಿ, ಹಳದಿ ಇದ್ದ ಕಡೆಯೆಲ್ಲ ಕಾರಣ ಬರೆಸಿದೆವು. ಇದನ್ನು ಯಾವ ತಂತ್ರಾಂಶವೂ ತಾನಾಗಿ ಮಾಡಿಕೊಡುವುದಿಲ್ಲ. ಸಂಬಳದ ಮಾತು ಎತ್ತಿದ್ದು ಇದಕ್ಕೇ.

ಶೀರ್ಷಿಕೆ, ಲೇಖಕರು, ಸಂಪರ್ಕ, ವಿವರಣೆ, ವಿಷಯ, ಇಷ್ಟು ತುಂಬಿದರೆ ಡೇಟಾವರ್ಸ್ ಮುಂದಕ್ಕೆ ಬಿಡುತ್ತದೆ. ವಿವರಣೆಯಲ್ಲಿ 'ಪ್ರಬಂಧದ ಡೇಟಾ' ಎಂದಷ್ಟೇ ಬರೆದರೂ ಬಿಡುತ್ತದೆ. ನಮ್ಮಲ್ಲಿ ಸಂಶೋಧಕರು ನೇರವಾಗಿ ಪ್ರಕಟಿಸುವಂತಿಲ್ಲ, ಪರಿಶೀಲನೆಗೆ ಕಳಿಸಬೇಕು. ಇಂಥ ವಿವರಣೆ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಮೊದಮೊದಲು ಬೇಸರ ಮಾಡಿಕೊಂಡವರೇ ಈಗ ಫೀಲ್ಡ್‌ವರ್ಕ್‌ಗೆ ಹೋಗುವ ಮುಂಚೆ ಬಂದು ಕಾಲಂಗಳಿಗೆ ಏನು ಹೆಸರಿಡಲಿ ಎಂದು ಕೇಳುತ್ತಾರೆ. ನನಗೆ ಈ ಕೆಲಸದಲ್ಲಿ ತುಂಬ ಖುಷಿ ಕೊಡುವ ವಿಷಯ ಇದು.

ಆವೃತ್ತಿಗಳ ವಿಷಯದಲ್ಲಿ ಇದು ಬಹಳ ಕಟ್ಟುನಿಟ್ಟು, ಆ ಕಟ್ಟುನಿಟ್ಟು ನನಗೆ ಇಷ್ಟ. ವಿವರಣೆ ತಿದ್ದಿದರೆ 1.1 ಸಾಕು, ಫೈಲ್ ಬದಲಿಸಿದರೆ 2.0 ಆಗಲೇಬೇಕು. ಹಳೆಯ ಆವೃತ್ತಿ ಅಲ್ಲೇ ಇರುತ್ತದೆ, ಎರಡರ ವ್ಯತ್ಯಾಸ ಯಾರು ಬೇಕಾದರೂ ನೋಡಬಹುದು. ಪ್ರಕಟಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡರೂ ಅದರ ಶಾಶ್ವತ ವಿಳಾಸವಾದ ಡಿಓಐ ಕೊಂಡಿ ಸಾಯುವುದಿಲ್ಲ. ಇಂಥ ಕಾರಣಕ್ಕೆ ತೆಗೆದಿದೆ ಎಂದು ಹೇಳುವ ಪುಟ ಉಳಿಯುತ್ತದೆ.

ಸರ್ವರ್ ಕಡೆಯ ಕೆಲಸ ಹಗುರವಲ್ಲ. ಪಯಾರಾ (ಅಪ್ಲಿಕೇಶನ್ ಸರ್ವರ್), ಪೋಸ್ಟ್‌ಗ್ರೆಸ್ (ಡೇಟಾಬೇಸ್), ಸೋಲರ್ (ಹುಡುಕಾಟದ ತಂತ್ರಾಂಶ) ಮೂರನ್ನೂ ಬಲ್ಲವರು ಬೇಕು. ಅಪ್‌ಗ್ರೇಡ್ ಮುಂದಕ್ಕೆ ಹಾಕುತ್ತಾ ಹೋದರೆ ನಡುವಿನ ಪ್ರತಿ ಆವೃತ್ತಿಯ ಸೂಚನೆಗಳನ್ನೂ ಓದಿಕೊಂಡು ಬರಬೇಕಾಗುತ್ತದೆ. ಗಂಟೆಗಟ್ಟಲೆ ಅಪ್‌ಲೋಡ್ ಆಗುವ ಭಾರೀ ಫೈಲುಗಳನ್ನು ಬ್ರೌಸರಿನಿಂದ ಹಾಕಲು ಹೋಗಬೇಡಿ, ಅದಕ್ಕೆ ಬೇರೆ ದಾರಿಗಳಿವೆ. ದಿನನಿತ್ಯ ನಾಲ್ಕು ಜನ ತಿದ್ದುತ್ತಿರುವ ಫೈಲಿಗೂ ಇದು ಜಾಗವಲ್ಲ. ಅದಕ್ಕೆ ನಾವು ಫೈಲ್ ಹಂಚಿಕೊಳ್ಳುವ ತಂತ್ರಾಂಶವಾದ ನೆಕ್ಸ್ಟ್‌ಕ್ಲೌಡ್ ಬಳಸುತ್ತೇವೆ.

ಬ್ಯಾಕಪ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಡಿಸ್ಕಿನಲ್ಲಿ ಹೋಗಿ ನೋಡಿದರೆ ನೀವು ಹಾಕಿದ ಫೈಲಿನ ಹೆಸರು ಅಲ್ಲಿರುವುದಿಲ್ಲ. ಅಂಕಿ ಅಕ್ಷರ ಸೇರಿದ ಉದ್ದನೆಯ ಗುರುತು ಇರುತ್ತದೆ. ಯಾವ ಗುರುತು ಯಾವ ಫೈಲು ಎಂಬುದನ್ನು ಬಲ್ಲದ್ದು ಪೋಸ್ಟ್‌ಗ್ರೆಸ್. ಫೈಲುಗಳನ್ನಷ್ಟೇ ಕಾಪಿ ಮಾಡಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು ಹೆಸರಿಲ್ಲದ ರಾಶಿ. ಎರಡನ್ನೂ ಒಟ್ಟಿಗೆ ತೆಗೆದಿಡಿ. ಪ್ರಾಧ್ಯಾಪಕರಿಗೆ ಲಾಗಿನ್ ಕೊಡುವ ಮುಂಚೆ ಖಾಲಿ ಯಂತ್ರವೊಂದರ ಮೇಲೆ ಆ ಬ್ಯಾಕಪ್ ಎಬ್ಬಿಸಿ, ಒಂದು ಡೇಟಾಸೆಟ್ ತೆರೆದು, ಫೈಲ್ ಇಳಿಸಿಕೊಂಡು, ಎಂಡಿ5 ಹೊಂದುತ್ತದೆಯೇ ನೋಡಿ.