ಬ್ಯಾಂಕಾಕ್ ಬಳಿಯ ಎಐಟಿ: ಸೇರುವ ಮುಂಚೆ ಲ್ಯಾಬ್ ನೋಡಿ

ಕೊಡಗಿನ ಪೊನ್ನಂಪೇಟೆ, ಕುಶಾಲನಗರದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರ ಲೆಕ್ಕದಲ್ಲಿ ಮುಂದಿನ ಓದು ಅಂದರೆ ಸುರತ್ಕಲ್, ಬೆಂಗಳೂರು, ಇಲ್ಲವೇ ಸೀದಾ ಜರ್ಮನಿ. ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಎಐಟಿ) ಹೆಚ್ಚಿನವರ ಕಣ್ಣಿಗೇ ಬೀಳುವುದಿಲ್ಲ. ಇದು ಇರುವುದು ಬ್ಯಾಂಕಾಕಿನ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ. 1959ರಲ್ಲಿ ಸೀಟೋ (ಆಗ್ನೇಯ ಏಷ್ಯಾದ ರಕ್ಷಣಾ ಒಪ್ಪಂದದ ದೇಶಗಳ) ಕೂಟದ ಎಂಜಿನಿಯರಿಂಗ್ ಶಾಲೆಯಾಗಿ ಶುರುವಾಗಿ 1967ರಲ್ಲಿ ಸ್ವತಂತ್ರವಾಯಿತು. ಮುಖ್ಯವಾಗಿ ಸ್ನಾತಕೋತ್ತರ ಮತ್ತು ಪಿಎಚ್.ಡಿ., ಪಾಠ ಇಂಗ್ಲಿಷಿನಲ್ಲಿ, ಸಹಪಾಠಿಗಳು ಏಷ್ಯಾದ ಎಲ್ಲ ಕಡೆಯವರು.

ಇಲ್ಲಿನ ಮಣ್ಣು ವಿಭಾಗಕ್ಕೆ ದೊಡ್ಡ ಹೆಸರಿದೆ. ಆದರೆ ಆ ಹೆಸರು ಬಂದಿದ್ದು ಬ್ಯಾಂಕಾಕಿನ ಮೆದು ಜೇಡಿಯಿಂದ. ಅದರ ಮೇಲೆ ಭಾರ ಹೇರಿದರೆ ಒಳಗಿನ ನೀರು ನಿಧಾನವಾಗಿ ಹಿಂಡಿಹೋಗಿ ನೆಲ ವರ್ಷಗಟ್ಟಲೆ ಕೂರುತ್ತದೆ. ಜೋಡುಪಾಲ, ಮಕ್ಕಂದೂರಿನಲ್ಲಿ 2018ರ ಆಗಸ್ಟಿನಲ್ಲಿ ಆದದ್ದು ಬೇರೆ: ದಿನಗಟ್ಟಲೆ ಸುರಿದ ಮಳೆ ಇಳಿಜಾರಿನ ದಪ್ಪ ಮಣ್ಣಿಗಿಳಿದು, ಕಣಗಳ ನಡುವಿನ ನೀರಿನ ಒತ್ತಡ ಏರಿ, ಮಣ್ಣು ಹಿಡಿತ ತಪ್ಪಿ ಒಮ್ಮೆಗೇ ಜಾರಿತು. ಮೊದಲನೆಯದನ್ನು ಅಳೆಯಲು ಈಡೋಮೀಟರ್ ಬೇಕು, ಅಂದರೆ ಮಣ್ಣಿನ ಮೇಲೆ ಭಾರವಿಟ್ಟು ಎಷ್ಟು ಕುಗ್ಗುತ್ತದೆ ಎಂದು ನೋಡುವ ಯಂತ್ರ. ಎರಡನೆಯದಕ್ಕೆ ಪೂರ್ತಿ ನೆನೆಯದ ಮಣ್ಣನ್ನು ಸುತ್ತಲಿಂದ ಒತ್ತಿ ಅದರ ಬಲ ಪರೀಕ್ಷಿಸುವ ಟ್ರಯಾಕ್ಸಿಯಲ್ ಯಂತ್ರ. ಗುಡ್ಡ ಕುಸಿತದ ಮೇಲೆ ಥೀಸಿಸ್ ಮಾಡುವ ಆಸೆಯಿದ್ದರೆ ಅರ್ಜಿಗೆ ಮುಂಚೆ ಪ್ರೊಫೆಸರರಿಗೆ ಮೇಲ್ ಬರೆಯಿರಿ: ಆ ಯಂತ್ರ ಈಗ ಕೆಲಸ ಮಾಡುತ್ತಿದೆಯೇ, ಊರಿಂದ ಮಣ್ಣಿನ ಮಾದರಿ ತರುವ ಖರ್ಚು ಯಾರದು?

ಉಪಗ್ರಹ ಚಿತ್ರ, ಜಿಐಎಸ್ (ಕಂಪ್ಯೂಟರ್ ನಕ್ಷೆ) ಕಡೆ ಹೋಗುವವರಿಗೂ ಒಂದು ತೊಡಕಿದೆ. ಮಳೆಗಾಲದ ಮೋಡದಲ್ಲಿ ಸಾಮಾನ್ಯ ಚಿತ್ರಕ್ಕೆ ಏನೂ ಕಾಣದು, ರೇಡಾರೇ ಗತಿ. ನೆಲ ಸರಿದದ್ದು ಗೊತ್ತಾಗುವುದು ಬೇರೆ ಬೇರೆ ದಿನದ ಎರಡು ರೇಡಾರ್ ಚಿತ್ರಗಳನ್ನು ತಾಳೆ ನೋಡಿ. ಉಚಿತವಾಗಿ ಸಿಗುವ ಸೆಂಟಿನೆಲ್-1 ಉಪಗ್ರಹದ್ದು ಸಿ-ಬ್ಯಾಂಡ್, ಅಂದರೆ ಎಲೆಗಳಲ್ಲೇ ತಡೆಯುವ ಸಣ್ಣ ಅಲೆ; ಸಿಲ್ವರ್ ಮರದ ನೆರಳಿನ ಕಾಫಿ ತೋಟದ ಮೇಲೆ ಆ ತಾಳೆ ತಪ್ಪುತ್ತದೆ. ನೆಲ ಇಂಚಿಂಚು ಸರಿಯುವುದನ್ನು ಅಳೆಯಲು ಎಲೆಗಳನ್ನು ಹೆಚ್ಚು ದಾಟುವ ಉದ್ದ ಅಲೆಯ ಎಲ್-ಬ್ಯಾಂಡ್ ದತ್ತಾಂಶ ಸಿಗುತ್ತದೆಯೇ ಅಂತ ಮೊದಲೇ ಕೇಳಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಮನೆ ಹೆಸರು, ಅಪ್ಪನ ಹೆಸರು ಬರೀ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಎರಡೂ ಪೂರ್ತಿ. ಎರಡು ಕಾಗದದ ಹೆಸರೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ, ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ತುಂಬಿ. ವಿಟಿಯು ಟ್ರಾನ್ಸ್‌ಕ್ರಿಪ್ಟಿಗೆ ಕೊನೆ ವಾರದವರೆಗೆ ಕಾಯಬೇಡಿ.

ವಿದ್ಯಾರ್ಥಿವೇತನ ಅಂದ ಕೂಡಲೇ ಹಿಗ್ಗಬೇಡಿ. ಪತ್ರದಲ್ಲಿ ಬೋಧನಾ ಶುಲ್ಕದ ಎಷ್ಟು ಪಾಲು, ಹಾಸ್ಟೆಲ್ ಮತ್ತು ಊಟ ಸೇರಿದೆಯೇ, ಎಷ್ಟು ಸೆಮಿಸ್ಟರಿಗೆ ಎಂಬುದನ್ನು ಓದಿ ಆಮೇಲೆ ಬ್ಯಾಂಕಿಗೆ ಹೋಗಿ. ಮರಳಿ ಬಂದು ಇಲ್ಲಿ ಸರ್ಕಾರಿ ಕೆಲಸಕ್ಕೋ ಪಿಎಚ್.ಡಿ.ಗೋ ಹೋಗುವುದಾದರೆ ಪದವಿಗೆ ಸಮಾನತೆಯ ಪ್ರಮಾಣಪತ್ರವೂ ಬೇಕಾಗುತ್ತದೆ.

ಜಾಗ ಸಮತಟ್ಟು, ಏಪ್ರಿಲ್ ಬಿಸಿಲು ಮಡಿಕೇರಿಯವರಿಗೆ ಶಿಕ್ಷೆಯೇ. 2011ರ ಪ್ರವಾಹದಲ್ಲಿ ಕ್ಯಾಂಪಸ್ಸೇ ಮುಳುಗಿತ್ತು. ಊಟದ ಚಿಂತೆ ಮಾತ್ರ ಬೇಡ: ಹಂದಿ ಮಾಂಸ, ಕಣಿಲೆ, ಅಕ್ಕಿ ಶ್ಯಾವಿಗೆ ಮೂರೂ ಅಲ್ಲಿ ದಿನದ ಊಟ. ಕೊಡಗಿನ ಹುಳಿ ಕಾಚಂಪುಳಿಯ ಬಾಟಲಿ ಮಾತ್ರ ಮನೆಯಿಂದಲೇ ಒಯ್ಯಬೇಕು; ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಗೇ ಹಾಕಿ.