ಬೆಳಗಾವಿಯ ಕರೆಂಟಿಗೆ ಹಳೇ ಡೈನಾಕೋ ಒಳ್ಳೆಯದೋ, ಹೊಸ ವಾಲ್ವ್ ಸೆಟ್ ಒಳ್ಳೆಯದೋ? ನಾಲ್ಕು ವರ್ಷದ ಬಳಕೆಯ ವಿಮರ್ಶೆ

ಹೋಲಿಕೆ ಎರಡು ಸ್ಟೀರಿಯೋ ಆಂಪ್ಲಿಫೈಯರುಗಳದು. ಎರಡರಲ್ಲೂ ಔಟ್‌ಪುಟ್‌ಗೆ ನಾಲ್ಕು ಇಎಲ್34 ವಾಲ್ವ್ (ಗಾಜಿನ ನಿರ್ವಾತ ನಳಿಕೆ), ಎರಡೂ ಪುಶ್‌ಪುಲ್ (ಎರಡೆರಡು ವಾಲ್ವ್ ಸರದಿಯಂತೆ ತಳ್ಳಿ ಎಳೆಯುವ ಜೋಡಣೆ). ಒಂದು, 1959ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡೈನಾಕೋ ಸ್ಟೀರಿಯೋ 70, ಚಾನಲ್‌ಗೆ 35 ವಾಟ್. ಇನ್ನೊಂದು ಈಚೆಗೆ ಚೀನಾದಲ್ಲಿ ತಯಾರಾದದ್ದು, ಪವರ್ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಮೂರು ತಾಸು, 12×14 ಅಡಿ ಕೋಣೆ, 88 ಡೆಸಿಬೆಲ್ ಸ್ಪೀಕರ್, ಹೆಚ್ಚಾಗಿ ಹಿಂದೂಸ್ತಾನಿ ಎಲ್‌ಪಿ.

ಜನ ಕೊಂಡಾಡುವ 'ಹಳೇ ಸೆಟ್ಟಿನ ಧ್ವನಿ'ಯಲ್ಲಿ ಅರ್ಧ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದು, ಇನ್ನರ್ಧ ಒಣಗಿದ ಕಂಡೆನ್ಸರಿನದು (ಕೆಪಾಸಿಟರ್). ಕಂಡೆನ್ಸರ್ ಬದಲಿಸಿದ ಮೇಲೆ ಉಳಿಯುವ ವ್ಯತ್ಯಾಸ ಸಣ್ಣದು. ನಮ್ಮ ಕಡೆ ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸುವುದು ಧ್ವನಿಗಿಂತ ಹೆಚ್ಚಾಗಿ ಕರೆಂಟು.

ಡೈನಾಕೋ ಮಾಡಿದ್ದು 117 ವೋಲ್ಟ್, 60 ಹರ್ಟ್ಜ್‌ಗೆ. 500 ವಿಎ ಸ್ಟೆಪ್‌ಡೌನ್ (ನಮ್ಮ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಫ್ರೀಕ್ವೆನ್ಸಿ ಸರಿಹೋಗುವುದಿಲ್ಲ. ಅಷ್ಟೇ ವೋಲ್ಟೇಜಿಗೆ ನಮ್ಮ 50 ಹರ್ಟ್ಜ್‌ನಲ್ಲಿ ಪವರ್ ಟ್ರಾನ್ಸ್‌ಫಾರ್ಮರಿನ ಕೋರ್ ಮೇಲೆ 20 ಶೇಕಡಾ ಹೆಚ್ಚು ಫ್ಲಕ್ಸ್ ಬೀಳುತ್ತದೆ. ಕೋರ್ ಬಿಸಿಯಾಗುತ್ತದೆ, ಗುಂಯ್ ಎನ್ನುತ್ತದೆ. ಅದಕ್ಕೆ ಸ್ಟೆಪ್‌ಡೌನ್ ಔಟ್‌ಪುಟ್ 117ರ ಬದಲು 110 ವೋಲ್ಟ್ ಇರುವಂತೆ ನೋಡಿಕೊಳ್ಳಿ. ವಾಲ್ವನ್ನು ಕಾಯಿಸುವ ಫಿಲಮೆಂಟ್ 6.3ರಿಂದ 5.9 ವೋಲ್ಟಿಗೆ ಇಳಿಯುತ್ತದೆ, ಇಎಲ್34 ಅಷ್ಟನ್ನು ಸಹಿಸುತ್ತದೆ. ಶಾಶ್ವತ ಪರಿಹಾರ ಬೇಕಿದ್ದರೆ 230 ವೋಲ್ಟ್ ಪ್ರೈಮರಿಯ ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕು: ಎಚ್‌ಟಿಗೆ (ವಾಲ್ವಿನ ಪ್ಲೇಟಿಗೆ ಹೋಗುವ ಹೈ ಟೆನ್ಷನ್) 360-0-360 ವೋಲ್ಟ್, ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡುವ ವಾಲ್ವ್) 5 ವೋಲ್ಟ್, ಫಿಲಮೆಂಟ್‌ಗೆ 6.3 ವೋಲ್ಟ್ 7 ಆಂಪ್‌ಗಿಂತ ಕಡಿಮೆ ಇಲ್ಲದಂತೆ. ಪಂಪ್‌ಸೆಟ್ ಮೋಟಾರು ಸುತ್ತುವ ಕೈಗೆ ಈ ಕೆಲಸ ಕೊಡಬೇಡಿ. ಪದರಗಳ ನಡುವಿನ ಇನ್ಸುಲೇಷನ್ ಬೇರೆಯೇ ಲೆಕ್ಕ.

ಅಟ್ಟದ ಮೇಲಿದ್ದ ಹಳೇ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕುವುದು ಅದನ್ನು ಸುಡುವ ಸುಲಭ ದಾರಿ. ಎಲ್ಲ ವಾಲ್ವ್ ಕಿತ್ತಿಡಿ. ಸ್ಟೆಪ್‌ಡೌನಿನ ಪ್ರೈಮರಿಗೆ 100 ವಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಚಾಲೂ ಮಾಡಿ (ಎಲ್‌ಇಡಿ ನಡೆಯದು). ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ಪ್ರತಿ ಇಎಲ್34 ಸಾಕೆಟ್ಟಿನ 5ನೇ ಪಿನ್ನಿನಲ್ಲಿ ಮೈನಸ್ 30ರಿಂದ 40 ವೋಲ್ಟ್ ಬರುತ್ತಿದೆಯೇ ನೋಡಿ. ಇದೇ ಬಯಾಸ್, ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್. ಬಯಾಸ್ ಬಾರದೆ ಔಟ್‌ಪುಟ್ ವಾಲ್ವ್ ಹಾಕಲೇಬೇಡಿ. ಬಾರದಿದ್ದರೆ ಅನುಮಾನ ಮೊದಲು ಬಯಾಸ್ ಸರ್ಕಿಟ್ಟಿನ ಸೆಲೆನಿಯಂ ರೆಕ್ಟಿಫೈಯರ್ ಮೇಲೆ: ವಯಸ್ಸಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಬಯಾಸ್ ಕುಸಿಯುತ್ತದೆ, ಕರೆಂಟು ಹೆಚ್ಚಿ ವಾಲ್ವಿನೊಳಗಿನ ಪ್ಲೇಟ್ ಕೆಂಪಾಗುತ್ತದೆ. ಅದರ ಜಾಗಕ್ಕೆ 1ಎನ್4007 ಡಯೋಡ್ ಸಾಕು. ಪ್ರತಿ ಚಾನಲ್ಲಿನ ಎರಡು 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕಂಡೆನ್ಸರುಗಳನ್ನು (ಡ್ರೈವರ್ ವಾಲ್ವಿನಿಂದ ಔಟ್‌ಪುಟ್ ವಾಲ್ವಿಗೆ ಸಿಗ್ನಲ್ ದಾಟಿಸುವವು) ಪರೀಕ್ಷೆಯನ್ನೂ ಮಾಡದೆ ಬದಲಿಸಿಬಿಡಿ; 630 ವೋಲ್ಟ್‌ನ ಫಿಲ್ಮ್ ಕಂಡೆನ್ಸರ್ ಹಾಕಿ. ಅವು ಸೋರಿದರೂ ಫಲ ಅದೇ, ಕೆಂಪು ಪ್ಲೇಟ್.

ಉತ್ಸಾಹದಲ್ಲಿ ಮಾಡುವ ತಪ್ಪು ಇನ್ನೊಂದಿದೆ. ಮೂಲ ಫಿಲ್ಟರ್ ಕಂಡೆನ್ಸರ್ ಡಬ್ಬಿಯ ಮೊದಲ ಸೆಕ್ಷನ್ 30 ಮೈಕ್ರೋಫ್ಯಾರಡ್. 'ದೊಡ್ಡದಾದರೆ ಹಮ್ (ಸ್ಪೀಕರಿನ ಗುಂಯ್ ಸದ್ದು) ಕಡಿಮೆ' ಎಂದು ಅಲ್ಲಿ 100 ಹಾಕುತ್ತಾರೆ. ಜಿಝಡ್34 ರೆಕ್ಟಿಫೈಯರ್ ತಾಳುವುದು 60ರವರೆಗೆ ಮಾತ್ರ. ಆಮೇಲೆ ಒಳಗೆ ಕಿಡಿ ಹಾರಿ ವಾಲ್ವ್ ಹೋಗುತ್ತದೆ. ಸೆಟ್ ಬಂದ್ ಮಾಡಿದ ಮೇಲೂ ಈ ಡಬ್ಬಿಯಲ್ಲಿ 400 ವೋಲ್ಟ್ ಕೂತಿರಬಹುದು. 10 ಕಿಲೋಓಮ್, 10 ವಾಟ್ ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಒಂದು ಕೈ ಜೇಬಿನಲ್ಲಿರಲಿ.

ಡೈನಾಕೋದ ನಿಜವಾದ ತಲೆನೋವು 7199 ಡ್ರೈವರ್ ವಾಲ್ವ್. ಮೂಲ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. 6ಜಿಎಚ್8ಎ ಬಳಸಬಹುದು, ಆದರೆ ಪಿನ್ ಜೋಡಣೆ ಬೇರೆ. ಅಡಾಪ್ಟರ್ ಇಲ್ಲದೆ ಸಾಕೆಟ್ಟಿಗೆ ತುರುಕಬಾರದು. ಹೊಸ ಸೆಟ್ಟಿಗೆ ಈ ಗೋಳಿಲ್ಲ. ಅದರ ವಾಲ್ವುಗಳೆಲ್ಲ ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ತಯಾರಾಗುತ್ತವೆ.

ಬಯಾಸ್ ವಿಷಯದಲ್ಲೂ ಹೊಸದೇ ಮೇಲು. ಡೈನಾಕೋದಲ್ಲಿ ಎರಡು ಇಎಲ್34ಕ್ಕೆ ಸೇರಿ ಕರೆಂಟ್ ಅಳೆಯಲು ಒಂದೇ 15.6 ಓಮ್ ರೆಸಿಸ್ಟರ್. ಸೆಟ್ಟಿನ ಮುಂಬದಿಯ ಸಾಕೆಟ್ಟಿನಲ್ಲಿ 1.56 ವೋಲ್ಟ್ ಬಂದರೆ ಎರಡಕ್ಕೂ ಸೇರಿ 100 ಮಿಲಿಆಂಪ್ ಎಂದರ್ಥ. ಒಂದು 65, ಇನ್ನೊಂದು 35 ಎಳೆಯುತ್ತಿದ್ದರೂ ಮೀಟರ್ ತೋರಿಸುವುದು ಅದೇ 1.56. ಹಾಗಾಗಿ ಮ್ಯಾಚ್ ಆದ ಜೋಡಿಯೇ ಬೇಕು. ಹೊಸದರಲ್ಲಿ ಪ್ರತಿ ವಾಲ್ವಿಗೂ ಬೇರೆ 10 ಓಮ್, ಬೇರೆ ಪಾಟ್ (ಬಯಾಸ್ ಹೊಂದಿಸುವ ತಿರುಗುಣಿ): 0.4 ವೋಲ್ಟ್ ಎಂದರೆ 40 ಮಿಲಿಆಂಪ್. ಎಚ್‌ಟಿ 430 ವೋಲ್ಟ್ ಇದ್ದಾಗ ಪ್ಲೇಟ್ ಮೇಲೆ ಬೀಳುವುದು ಸುಮಾರು 17 ವಾಟ್, ಇಎಲ್34ರ ಮಿತಿ 25. ಎರಡು ಸೆಟ್ಟಿಗೂ ಒಂದೇ ಸೂಚನೆ: ಬಯಾಸ್ ಹೊಂದಿಸುವುದು ಮಧ್ಯಾಹ್ನವಲ್ಲ. ಜಮಖಂಡಿ, ಮುಧೋಳದಂಥ ಕಬ್ಬಿನ ಸೀಮೆಯಲ್ಲಿ ಪಂಪ್‌ಸೆಟ್ ನಡೆಯುವಾಗ ಲೈನ್ ಇಳಿದಿರುತ್ತದೆ, ಅವು ಬಂದ್ ಆದಾಗ ಜಿಗಿಯುತ್ತದೆ. ಒಂದು ವಾರ ಮೀಟರ್ ಹಿಡಿದು ನೋಡಿ, ಲೈನ್ ಅತಿ ಹೆಚ್ಚಿರುವ ಹೊತ್ತಿಗೆ ಹೊಂದಿಸಿ. ಇಲ್ಲದಿದ್ದರೆ ಮಧ್ಯಾಹ್ನ ಸರಿಯಿದ್ದ ಬಯಾಸ್ ರಾತ್ರಿ ವಾಲ್ವ್ ತಿನ್ನುತ್ತದೆ. ಅಗ್ಗದ ಇನ್ವರ್ಟರಿನ ಚೌಕ ಅಲೆಗೆ ಎರಡನ್ನೂ ಜೋಡಿಸಬೇಡಿ.

ಹೊಸ ಸೆಟ್ಟಿನ ದೋಷ ಎಲ್ಲಿದೆ? ವಾಲ್ವ್ ಸಾಕೆಟ್ಟನ್ನು ನೇರ ಸರ್ಕಿಟ್ ಬೋರ್ಡಿಗೆ ಬೆಸೆದಿದ್ದಾರೆ. ವಿಜಯಪುರದ ಏಪ್ರಿಲ್‌–ಮೇನಲ್ಲಿ ಹೊರಗೇ 40 ಡಿಗ್ರಿ. ಅದರ ಮೇಲೆ ನಾಲ್ಕು ಇಎಲ್34ರ ಕಾವು. ಬೋರ್ಡ್ ಸಾಕೆಟ್ ಸುತ್ತ ಕಂದಾಗುತ್ತದೆ, ಬೆಸುಗೆಯಲ್ಲಿ ಉಂಗುರದಂಥ ಬಿರುಕು ಬೀಳುತ್ತದೆ, ಒಂದು ಚಾನಲ್ ಬಿಸಿಯಾದ ಮೇಲೆ ಚಟಪಟ ಎನ್ನುತ್ತದೆ. ವಾಲ್ವ್ ಬದಲಿಸಿ ದುಡ್ಡು ಕಳೆಯುವ ಮೊದಲು ಸಾಕೆಟ್ಟಿನ ಪಿನ್ನುಗಳಿಗೆ ಮರುಬೆಸುಗೆ ಹಾಕಿಸಿ. ಡೈನಾಕೋದಲ್ಲಿ ಔಟ್‌ಪುಟ್ ಸಾಕೆಟ್ ಚಾಸಿಗೇ ಕೂತಿದೆ, ವೈರಿನ ಜೋಡಣೆ. ಅಲ್ಲಿ ಈ ಕಾಯಿಲೆಯಿಲ್ಲ. ಆದರೆ ಅದು ಕಿಟ್ ಆಗಿಯೂ ಮಾರಾಟವಾದ ಸೆಟ್. ಯಾರ ಕೈಯ ಬೆಸುಗೆ ಎಂಬುದು ನಿಮ್ಮ ಅದೃಷ್ಟ.

ಇನ್ನು ಧ್ವನಿ. ಪರೀಕ್ಷೆಗೆ ತಂಬೂರಿಗಿಂತ ಕಠಿಣವಾದದ್ದು ಬೇರೆ ಇಲ್ಲ. ನಮ್ಮ ಲೈನ್ 50 ಹರ್ಟ್ಜ್ ಆದ್ದರಿಂದ ಫಿಲ್ಟರ್ ಒಣಗಿದ ಸೆಟ್ಟಿನ ಹಮ್ 100 ಹರ್ಟ್ಜ್. ಹಾರ್ಮೋನಿಯಮ್ಮಿನ ಬಿಳಿ ಒಂದರ ಷಡ್ಜಕ್ಕೆ ಕೂಡಿಸಿದ ತಂಬೂರಿಯ ಮಂದ್ರ ಪಂಚಮ ಸುಮಾರು 98. ಎರಡರ ನಡುವಿನ ಅಂತರದಿಂದ ಸೆಕೆಂಡಿಗೆ ಎರಡು ಸಲ ಅಲೆ ಏಳುತ್ತದೆ, ತಂಬೂರಿಯೇ ಬೇಸುರಾದಂತೆ ಕೇಳುತ್ತದೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನದಲ್ಲಿ, ಸ್ವರಸಮೂಹಗಳ ನಡುವೆ ಅವರು ಬಿಡುವ ಮೌನದಲ್ಲಿ, ಈ ಹಮ್ ಅಡಗಿಕೊಳ್ಳಲು ಜಾಗವೇ ಇಲ್ಲ. ಹಮ್ ಬಂದರೆ ಇನ್‌ಪುಟ್ ಶಾರ್ಟ್ ಮಾಡಿ: ನಿಂತರೆ ದೋಷ ಹೊರಗಿನದು, ಬಹುಶಃ ಅರ್ಥಿಂಗ್ ಲೂಪ್, ನಿಲ್ಲದಿದ್ದರೆ ಒಳಗಿನದು. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ 'ಪರಿಹಾರ' ಜೀವಕ್ಕೆ ಅಪಾಯ.

ಕಂಡೆನ್ಸರ್ ಹೊಸದಾದ ಡೈನಾಕೋದಲ್ಲಿ ಕಂಠದ ಮಧ್ಯ ಸಪ್ತಕ ಒಂದು ಕೂದಲೆಳೆ ಮೇಲು. ಅದರ ಎ-470 ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಒಳ್ಳೆಯ ಹೆಸರು ಸುಮ್ಮನೆ ಬಂದದ್ದಲ್ಲ. ತಬಲಾದ ಬಾಯಾ ಹೊಸದರಲ್ಲಿ ಬಿಗಿ. ಡೈನಾಕೋಗೆ ವಾಲ್ಯೂಮ್ ಗುಂಡಿಯೇ ಇಲ್ಲ, ಪ್ರಿಆಂಪ್ ಬೇರೆ ಬೇಕು ಎಂಬುದೂ ಲೆಕ್ಕಕ್ಕಿರಲಿ.

ಎರಡಕ್ಕೂ ಸುತ್ತ ಅರ್ಧ ಅಡಿ ಗಾಳಿ ಬಿಡಿ, ಷೋಕೇಸಿನೊಳಗೆ ಇಡಬೇಡಿ. ಸ್ಪೀಕರ್ ವೈರ್ ಕಳಚಿ ಹಾಡು ಹಚ್ಚಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಇಎಲ್34ಕ್ಕೆ ಎರಡು-ಮೂರು ಸಾವಿರ ತಾಸಿನ ಆಯುಷ್ಯ ಹಿಡಿಯಿರಿ. ಮಳೆಗಾಲಕ್ಕೆ ಮೊದಲು ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚಾಸಿಯ ಕೆಳಗಿನ ರಂಧ್ರಗಳಿಗೆ ಸೊಳ್ಳೆಜಾಲರಿ ಕಟ್ಟಿ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ ಎಚ್‌ಟಿ ಲೈನಿಗೆ ಅಡ್ಡ ಬಿದ್ದರೆ ಅದರೊಂದಿಗೆ ಫ್ಯೂಸೂ ಹೋಗುತ್ತದೆ.