ಓಆರ್‌ಎಸ್ ಪುಡಿ: ರುಚಿಗೆ ಕಡಿಮೆ ಅಂಕ, ಕೆಲಸಕ್ಕೆ ಪೂರ್ತಿ ಅಂಕ

ಮಳೆ ಹಿಡಿದರೆ ಸಾಕು, ಡೊಂಬಿವಲಿಯ ನಮ್ಮ ಕನ್ನಡದವರ ಮನೆಗಳಲ್ಲಿ ಒಬ್ಬರಾದರೂ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಾರೆ. ಭೇದಿಯಲ್ಲಿ ಕಳೆದುಹೋದ ನೀರು, ಉಪ್ಪು ತುಂಬಿಸಲು ಕುಡಿಯುವುದು ಓಆರ್‌ಎಸ್. ಮೆಡಿಕಲ್‌ಗೆ ಹೋಗಿ ಅದನ್ನು ಕೊಡಿ ಅಂದರೆ ಎರಡು ಬಗೆಯ ಮಾಲು ಕಾಣುತ್ತದೆ. ಒಂದು ಹಣ್ಣಿನ ಚಿತ್ರದ ಟೆಟ್ರಾ ಪ್ಯಾಕ್, ಸ್ಟ್ರಾ ಚುಚ್ಚಿದರೆ ಆಯ್ತು. ಇನ್ನೊಂದು ಒಂದು ಲೀಟರ್ ನೀರಿಗೆ ಕಲಸುವ ಪುಡಿ, ಇಪ್ಪತ್ತು ಚಿಲ್ಲರೆ ರೂಪಾಯಿ. ನಾನು ಬರೆಯುತ್ತಿರುವುದು ಈ ಪುಡಿಯ ಬಗ್ಗೆ.

ರುಚಿ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅತ್ತ ಉಪ್ಪೂ ಅಲ್ಲ, ಇತ್ತ ಸಿಹಿಯೂ ಅಲ್ಲ. ಕಿತ್ತಳೆ ವಾಸನೆ ಹಾಕಿದ ಪುಡಿಯೂ ಬರುತ್ತದೆ, ಅದರಿಂದ ದೊಡ್ಡ ವ್ಯತ್ಯಾಸವೇನಿಲ್ಲ. ಆದರೆ ಸಿಹಿ ಕಡಿಮೆ ಇರುವುದು ಬೇಕೆಂದೇ ಮಾಡಿದ್ದು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಈ ದಾರಿ ಮುಚ್ಚುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ಮಾತ್ರ ಎಲ್ಲ ತಿರುಗಿ, ನೀರು ಕರುಳಿನೊಳಕ್ಕೇ ಬಂದು ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಕೋಲಾದಲ್ಲಿ ಲೀಟರಿಗೆ 100 ಗ್ರಾಂಗೂ ಮೇಲೆ ಸಕ್ಕರೆ ಇರುತ್ತದೆ, ಇನ್ನು ಭೇದಿಯಾದವರಿಗೆ ಕೋಲಾ ಕುಡಿಸುವವರಿಗೆ ಏನು ಹೇಳೋಣ!

ಈ ಪುಡಿಯ ಹಿಂದೆ ಒಂದು ಸಂಶೋಧನಾ ಲೇಖನವಿದೆ, ನನಗೆ ಅದು ತುಂಬಾ ಇಷ್ಟ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಹೋಗಿದ್ದರು, ಕಾಲರಾ ಹಬ್ಬಿತ್ತು, ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಾಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಕಲಸಿಸಿ, ಡ್ರಮ್ಮಿನಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದ ಕಡೆ ಸಾವು 3.6ಕ್ಕೆ ಇಳಿಯಿತು. ಲೀಟರಿಗೆ ಬಿದ್ದ ಖರ್ಚು 11 ಪೈಸೆ.

ಲೇಖನ ಅಚ್ಚಾಗಿದ್ದು 1973ರಲ್ಲಿ. ಕಟ್ಟುನಿಟ್ಟಾಗಿ ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗ ಅದಲ್ಲ ಎಂದು ಕೆಲವರು ಮೂಗು ಮುರಿಯಬಹುದು. ಅಂಥ ಪ್ರಯೋಗವನ್ನು ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮೊದಲೇ ಮಾಡಿ 1968ರಲ್ಲಿ ಪ್ರಕಟಿಸಿದ್ದರು. ನರ್ಸ್ ಇಲ್ಲದೆ, ಆಸ್ಪತ್ರೆ ಇಲ್ಲದೆ, ಕೆಸರಿನಲ್ಲಿ ಕೂತ ಅಮ್ಮನೂ ಈ ಚಿಕಿತ್ಸೆ ಕೊಡಬಲ್ಲಳು ಅಂತ ಇಷ್ಟು ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಮಾತ್ರ ಬನಗಾಂವ್. ಮಹಲನಾಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅಂದರೆ ತೀರಿಕೊಂಡ ಮೇಲೆ. ನಮ್ಮ ದೇಶದ ಪದ್ಧತಿ ಗೊತ್ತಲ್ಲ.

ಈಗಿನ ಪುಡಿ ಆಗಿನದ್ದೇ ಅಲ್ಲ. 1984ರಲ್ಲಿ ಸೋಡಾದ ಜಾಗಕ್ಕೆ ಸಿಟ್ರೇಟ್ ಎಂಬ ಇನ್ನೊಂದು ಲವಣ ಬಂತು, ಪುಡಿ ಬೇಗ ಕೆಡುವುದು ನಿಂತಿತು. 2002ರಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ಇಳಿಸಿದರು. ಬ್ರ್ಯಾಂಡ್ ಯಾವುದಾದರೂ ಇರಲಿ, ಹಿಂಬದಿಯಲ್ಲಿ ಲೀಟರಿಗೆ ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಗ್ಲೂಕೋಸ್ 13.5 ಗ್ರಾಂ ಇದೆಯಾ ನೋಡಿ ತಗೊಳ್ಳಿ.

ನನ್ನ ತಕರಾರು ಪ್ಯಾಕೆಟ್ಟಿನ ಮೇಲಿದೆ. ಅಳತೆಯ ಸೂಚನೆ ಇರುವೆ ಸಾಲಿನಂಥ ಅಕ್ಷರದಲ್ಲಿದೆ, ಮುಖ್ಯವಾದದ್ದೇ ಅದು. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗುತ್ತದೆ, ಮಕ್ಕಳಿಗೆ ಅದು ಅಪಾಯ. ಒಂದು ಲೀಟರ್ ನೀರಿನ ಬಾಟಲಿಗೆ ಇಡೀ ಪ್ಯಾಕೆಟ್ ಹಾಕಿ ಅಲ್ಲಾಡಿಸುವುದೇ ಸುಲಭ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಒಬ್ಬರೇ ಇರುವವರಿಗೆ 200 ಮಿಲಿಯ ಸಣ್ಣ ಪ್ಯಾಕೆಟ್ ವಾಸಿ, ಆದರೆ ಅದನ್ನು ಅಂಗಡಿಯವರು ಕೇಳದೆ ತೆಗೆಯುವುದಿಲ್ಲ.

ಅಂಗಡಿಯವರ ವಿಷಯಕ್ಕೆ ಬಂದರೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಟೆಟ್ರಾ ಪ್ಯಾಕಿನಂಥ ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆದೇಶ ಮಾಡಿದೆ. ಆದರೂ ನಮ್ಮ ಬೀದಿಯ ಒಂದು ಅಂಗಡಿಯಲ್ಲಿ ಓಆರ್‌ಎಸ್ ಅಂದರೆ ಕೈ ಮೊದಲು ಹೋಗುವುದು ಫ್ರಿಜ್ಜಿನ ಕಡೆಗೇ. "ಪೌಡರ್" ಅಂತ ಒತ್ತಿ ಹೇಳಿ.

ಜೊತೆಗೆ ಗಂಜಿ, ಮೊಸರನ್ನ ನಡೆಯಲಿ, ಉಪವಾಸ ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ಭೇದಿಯಲ್ಲಿ ರಕ್ತ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ಪುಡಿ ನಂಬಿಕೊಂಡು ಮನೆಯಲ್ಲಿ ಕೂರಬೇಡಿ, ಆಟೋ ಹಿಡಿದು ಡಾಕ್ಟರ ಹತ್ತಿರ ಹೋಗಿ.